ಹಳೆಯ ಮೋಟಾರಿನ ನಾಡಿಪರೀಕ್ಷೆ

ವೈದ್ಯನು ರೋಗಿಯ ಬಳಿಗೆ ಬಂದೊಡನೆ ಮೊದಲು ಕೈಹಿಡಿದು ನಾಡಿಯನ್ನು ನೋಡುವನು. ದೇಹದ ಒಳಗೆ ನಡೆಯುತ್ತಿರುವ ವ್ಯಾಪಾರವನ್ನು ದೇಹವನ್ನು ಸೀಳದೆ ತಿಳಿಯಬೇಕಾದರೆ ಹೊರಗೆ ತೋರುವ ಯಾವುದಾದರೊಂದು ಕುರುಹನ್ನು ಆಶ್ರಯಿಸಲೇಬೇಕು. ಮೋಟಾರು ಗಾಡಿಗೂ ಇಂತಹ ನಾಡಿಗಳುಂಟು. ಚಾಲಕನ ಕಣ್ಣಿನೆದುರಿಗೆ, ಸ್ಟೀರಿಂಗ್ ಚಕ್ರದ ಆಚೆ, ಗಾಜಿನ ಮುಚ್ಚಳದೊಳಗೆ ಸಾಲಾಗಿ ಕುಳಿತಿರುವ ಮೀಟರುಗಳೇ ಆ ನಾಡಿಗಳು. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ, ಎಣ್ಣೆ ಎಷ್ಟು ಒತ್ತಡದಿಂದ ಹರಿಯುತ್ತಿದೆ, ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿದೆಯೆ ಇಲ್ಲವೆ ಎಂಬುದನ್ನೆಲ್ಲ ಆ ಸಣ್ಣ ಮುಳ್ಳುಗಳು ಮೌನವಾಗಿ ಹೇಳುತ್ತಿರುವುವು.

ಆದರೆ ಕೇಳುವವರು ಎಷ್ಟು ಮಂದಿ? ಮನೆಯಲ್ಲಿ ಗಾಡಿಯನ್ನಿಟ್ಟುಕೊಂಡವರಲ್ಲಿ ಹೆಚ್ಚಿನವರು ವೇಗದ ಮೀಟರನ್ನೂ ಪೆಟ್ರೋಲಿನ ಮೀಟರನ್ನೂ ನೋಡಿ ಅಷ್ಟಕ್ಕೇ ತೃಪ್ತರಾಗುವರು. ಉಳಿದ ಮುಳ್ಳುಗಳ ನೆನಪು ಬರುವುದು, ಗಾಡಿಯ ಮುಂಭಾಗದಿಂದ ಹಬೆಯೆದ್ದು, ಹೆಂಡತಿ ಮಕ್ಕಳೊಡನೆ ಘಾಟಿಯ ತಿರುವಿನಲ್ಲಿ ನಿಂತುಹೋದ ಮೇಲೆಯೇ. ಅಷ್ಟು ಹೊತ್ತಿಗೆ ಎಂಜಿನ್ನಿಗೆ ಆಗಬೇಕಾದ ಹಾನಿ ಆಗಿಹೋಗಿರುವುದು. ನೀರಿಲ್ಲದೆ ಕಾದ ಎಂಜಿನ್ನಿನ ತಲೆಭಾಗವು ಸೊಟ್ಟಗಾಗುವುದು, ಇಲ್ಲವೆ ಬಿರಿಯುವುದು. ಅದರ ಕೆಳಗಿನ ಗ್ಯಾಸ್ಕೆಟ್ಟು ಸುಟ್ಟುಹೋಗುವುದು. ಅದನ್ನು ಸರಿಪಡಿಸಲು ತಗಲುವ ವೆಚ್ಚವು ಎಷ್ಟೋ ವೇಳೆ ಹಳೆಯ ಗಾಡಿಯ ಬೆಲೆಯನ್ನೇ ಮೀರುವುದುಂಟು.

ಈಚಿನ ವರ್ಷಗಳಲ್ಲಿ, ಹಳೆಯ ಗಾಡಿಗಳನ್ನು ಆಸ್ಥೆಯಿಂದ ಕಾಪಾಡಿಕೊಂಡು ಬಂದಿರುವ ಅನೇಕರು ಈ ಮುಳ್ಳುಗಳ ಮಾತನ್ನು ಕಂಪ್ಯೂಟರಿನ ಪರದೆಯ ಮೇಲೆ ಅಂಕಿಗಳಾಗಿ ಬರೆಯಿಸಿಕೊಳ್ಳುವ ಉಪಾಯವನ್ನು ಕೈಗೊಂಡಿರುವರು. ಇದು ಬರಿಯ ವಿನೋದವೆಂದು ಕೆಲವರಿಗೆ ತೋರಬಹುದು. ವಿನೋದವೂ ಅದರಲ್ಲಿ ಉಂಟು. ಆದರೆ ಪ್ರಯೋಜನವು ಅದಕ್ಕಿಂತ ಹೆಚ್ಚಿನದು. ಅದರ ಜೊತೆಗೆ ಒಂದು ಅಪಾಯವೂ ಉಂಟು. ಪರದೆಯ ಮೇಲಿನ ಅಂಕಿಯು ಎಷ್ಟು ಸ್ಫುಟವಾಗಿದ್ದರೂ ಅದು ಸಾಕ್ಷಿಯೊಬ್ಬನ ಹೇಳಿಕೆಯೇ ಹೊರತು ಸಾಕ್ಷಾತ್ ಸತ್ಯವಲ್ಲ. ಸಾಕ್ಷಿಯನ್ನು ಪರೀಕ್ಷಿಸದೆ ತೀರ್ಪು ಬರೆಯುವ ನ್ಯಾಯಾಧಿಪತಿಯು ಹೇಗೆ ಮೋಸಹೋಗುವನೋ, ಅಂಕಿಯನ್ನು ಪರೀಕ್ಷಿಸದೆ ನಂಬುವ ಗೃಹಸ್ಥನೂ ಹಾಗೆಯೇ ಮೋಸಹೋಗುವನು. ಈ ವಿಷಯವನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುವುದು ನಮ್ಮ ಉದ್ದೇಶ.

ಮುಳ್ಳುಗಳ ವಂಶಾವಳಿ

ಮೊದಲು ಈ ಮೀಟರುಗಳು ಕೆಲಸಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇವೆಲ್ಲ ಒಂದೇ ಜಾತಿಯವಲ್ಲ.

ವೇಗವನ್ನು ತೋರಿಸುವ ಮೀಟರಿಗೆ ಜರ್ಮನಿಯ ಓಟೋ ಶುಲ್ಟ್ಸೆ ಎಂಬಾತನು ೧೯೦೨ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟು ಪಡೆದನು. ಗೇರುಪೆಟ್ಟಿಗೆಯಿಂದ ಬಳುಕುವ ಉಕ್ಕಿನ ತಂತಿಯೊಂದು ಹೊರಟು ಮೀಟರಿನ ಬೆನ್ನಿಗೆ ಬಂದು ಸೇರುವುದು. ಗಾಡಿ ಓಡಿದಂತೆ ಆ ತಂತಿಯು ಸುತ್ತುತ್ತ, ತನ್ನ ತುದಿಯಲ್ಲಿರುವ ಅಯಸ್ಕಾಂತವನ್ನು ಸುತ್ತಿಸುವುದು. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಮ್ ಬಟ್ಟಲೊಂದು ಅದನ್ನು ಮುಟ್ಟದೆ ಕವಿದುಕೊಂಡಿರುವುದು. ಸುತ್ತುವ ಅಯಸ್ಕಾಂತವು ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳನ್ನೆಬ್ಬಿಸಿ ಅದನ್ನು ತನ್ನೊಡನೆ ಎಳೆಯುವುದು. ಕೂದಲಿನಂತಹ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಹಿಡಿಯುವುದು. ಈ ಎರಡರ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುವುದೋ ಅದೇ ಗಾಡಿಯ ವೇಗ.

ಎಣ್ಣೆಯ ಒತ್ತಡವನ್ನು ಅಳೆಯುವ ಉಪಾಯವು ಇದಕ್ಕಿಂತಲೂ ಹಳೆಯದು. ಫ್ರಾನ್ಸಿನ ಯೂಜೀನ್ ಬೂರ್ದೋನ್ ಎಂಬಾತನು ೧೮೪೯ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಚಪ್ಪಟೆಯಾದ ಕೊಳವೆಯನ್ನು ಕುಡುಗೋಲಿನಂತೆ ಬಾಗಿಸಿ, ಅದರೊಳಕ್ಕೆ ಒತ್ತಡವನ್ನು ಬಿಟ್ಟರೆ ಅದು ನೆಟ್ಟಗಾಗಲು ಯತ್ನಿಸುವುದು. ಆ ಚಲನೆಯೇ ಮುಳ್ಳನ್ನು ತಿರುಗಿಸುವುದು. ಅನೇಕ ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ಬಿಸಿ ಎಣ್ಣೆಯೇ ಸಣ್ಣ ಕೊಳವೆಯ ಮೂಲಕ ಚಾಲಕನ ಮೊಣಕಾಲಿನ ಮೇಲ್ಗಡೆಯ ಮೀಟರಿನ ವರೆಗೂ ಬರುವುದೆಂದು ಕೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ನೀರಿನ ಬಿಸಿಯನ್ನು ಅಳೆಯಲು ಥರ್ಮಿಸ್ಟರೆಂಬ ಪದಾರ್ಥವನ್ನು ಉಪಯೋಗಿಸುವರು. ಸಾಮಾನ್ಯವಾದ ಲೋಹಗಳು ಬಿಸಿಯಾದಷ್ಟೂ ವಿದ್ಯುತ್ತಿನ ಹರಿವನ್ನು ಹೆಚ್ಚಾಗಿ ತಡೆಯುವುವು. ಕೆಲವು ಪದಾರ್ಥಗಳು ಇದಕ್ಕೆ ವಿರುದ್ಧವಾಗಿ, ಬಿಸಿಯಾದಷ್ಟೂ ತಡೆಯನ್ನು ಸಡಿಲಿಸುವುವು. ಈ ವೈಚಿತ್ರ್ಯವನ್ನು ಬೆಳ್ಳಿಯ ಸಲ್ಫೈಡಿನಲ್ಲಿ ೧೮೩೩ರಲ್ಲಿ ಗುರುತಿಸಿದವನು ಮೈಕೇಲ್ ಫ್ಯಾರಡೆ. ಆ ಗುಣವುಳ್ಳ ಸಣ್ಣ ಬಿಲ್ಲೆಯೊಂದನ್ನು ಹಿತ್ತಾಳೆಯ ಗೂಡಿನಲ್ಲಿಟ್ಟು ಎಂಜಿನ್ನಿನ ನೀರಿನಲ್ಲಿ ಮುಳುಗುವಂತೆ ತಿರುಗಿಸಿ ಬಿಗಿದಿರುವರು. ತಣ್ಣಗಿರುವಾಗ ಅದರ ತಡೆಯು ನೂರಾರು ಓಮ್ ಇದ್ದರೆ, ನೀರು ಕುದಿಯುವ ಹೊತ್ತಿಗೆ ಕೆಲವು ಹತ್ತುಗಳಿಗೆ ಇಳಿಯುವುದು.

ಪೆಟ್ರೋಲಿನ ಮೀಟರು ಎಲ್ಲಕ್ಕಿಂತ ಸರಳವಾದುದು. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು, ಅದಕ್ಕೆ ತಗುಲಿದ ಕಡ್ಡಿಯೊಂದು. ಪೆಟ್ರೋಲಿನ ಮಟ್ಟ ಏರಿಳಿದಂತೆ ಕಡ್ಡಿಯ ತುದಿಯು ತಡೆತಂತಿಯ ಸುರುಳಿಯ ಮೇಲೆ ಜಾರುವುದು. ಮುಳ್ಳು ತೋರಿಸುವುದು ಪೆಟ್ರೋಲನ್ನಲ್ಲ, ಆ ಬುರುಡೆಯ ಎತ್ತರವನ್ನು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುವುದು.

ಹೊಸ ಗಾಡಿಯ ಮಾತು, ಹಳೆಯ ಗಾಡಿಯ ಮೌನ

ಈಗಿನ ಗಾಡಿಗಳಿಗೆ ಇಂತಹ ತೊಂದರೆಯೇ ಇಲ್ಲ. ಅವುಗಳ ಎಂಜಿನ್ನನ್ನು ಆಳುವುದೇ ಒಂದು ಕಂಪ್ಯೂಟರು. ಸ್ಟೀರಿಂಗಿನ ಕೆಳಗೆ ಹದಿನಾರು ಕಿಂಡಿಗಳುಳ್ಳ ಸಣ್ಣದೊಂದು ಕನೆಕ್ಟರು ಇರುವುದು. ಅದಕ್ಕೆ ತಕ್ಕ ಸಾಧನವನ್ನು ಸಿಕ್ಕಿಸಿ ನಿಯಮಿತವಾದ ಪ್ರಶ್ನೆಯನ್ನು ಕೇಳಿದರೆ ಗಾಡಿಯೇ ಉತ್ತರ ಕೊಡುವುದು. ಉದಾಹರಣೆಗೆ, ನೀರಿನ ಬಿಸಿ ಎಷ್ಟೆಂದು ಕೇಳಿದಾಗ ೧೩೦ ಎಂಬ ಸಂಖ್ಯೆ ಬಂದರೆ, ಅದರಿಂದ ೪೦ನ್ನು ಕಳೆದು ೯೦ ಡಿಗ್ರಿ ಸೆಂಟಿಗ್ರೇಡೆಂದು ತಿಳಿಯಬೇಕು. ಶೂನ್ಯಕ್ಕಿಂತ ಕೆಳಗಿನ ಚಳಿಯನ್ನೂ ಋಣಚಿಹ್ನೆಯಿಲ್ಲದೆ ಹೇಳಲು ಈ ೪೦ರ ಏರ್ಪಾಡು. ಅಮೆರಿಕದಲ್ಲಿ ಈ ಪದ್ಧತಿಯು ೧೯೯೬ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಯೂರೋಪಿನಲ್ಲಿ ಪೆಟ್ರೋಲು ಕಾರುಗಳಿಗೆ ೨೦೦೧ರಿಂದ. ನಮ್ಮ ದೇಶದಲ್ಲಿ ೨೦೧೦ರಿಂದ ಅದರ ಮೊದಲ ಹಂತವೂ ೨೦೧೩ರಿಂದ ಎರಡನೆಯ ಹಂತವೂ ಬಂದುವು.

ಅದಕ್ಕೆ ಮುಂಚಿನ ಗಾಡಿಗಳ ಗತಿಯೇನು? ೧೯೫೭–೫೮ರಿಂದ ೨೦೧೪ರ ವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರಿನ ಹಳೆಯ ಮಾದರಿಗಳು, ಮುಂಬಯಿಯ ಪ್ರೀಮಿಯರ್ ಪದ್ಮಿನಿ, ೧೯೮೩ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಮಾರುತಿ ೮೦೦ರ ಕಾರ್ಬ್ಯುರೇಟರಿನ ಮಾದರಿಗಳು, ಇವುಗಳಲ್ಲಿ ಎಂಜಿನ್ನನ್ನು ಆಳುವ ಕಂಪ್ಯೂಟರೂ ಇಲ್ಲ, ಪ್ರಶ್ನೆ ಕೇಳಲು ಕಿಂಡಿಯೂ ಇಲ್ಲ. ಇಂತಹ ಗಾಡಿಯು ಮೂಕ. ಅದು ಸನ್ನೆಗಳಿಂದ ಮಾತ್ರ ಮಾತನಾಡುವುದು. ಆ ಸನ್ನೆಗಳನ್ನು ಅಂಕಿಗಳಾಗಿ ಭಾಷಾಂತರಿಸುವವನೊಬ್ಬನು ಬೇಕು.

ಭಾಷಾಂತರದ ಕೆಲಸ

ಆ ಭಾಷಾಂತರಕಾರನು ಈಗ ಅಂಗೈಯಗಲದ ಸರ್ಕಿಟ್ ಹಲಗೆಯ ರೂಪದಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವನು. ಇಟಲಿಯ ಈವ್ರೇಆ ಪಟ್ಟಣದಲ್ಲಿ ೨೦೦೫ರಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಹುಟ್ಟಿದ ಆರ್ಡುಯಿನೋ ಎಂಬುದು ಇಂತಹುದರಲ್ಲಿ ಹೆಸರಾದುದು. ಅದರ ಬಹಳ ಬಳಕೆಯಲ್ಲಿರುವ ಮಾದರಿಯು ಸೊನ್ನೆಯಿಂದ ೫ ವೋಲ್ಟಿನ ವರೆಗಿನ ವಿದ್ಯುತ್ತಿನ ಮಟ್ಟವನ್ನು ಅಳೆದು, ಅದನ್ನು ೦ಯಿಂದ ೧೦೨೩ರ ವರೆಗಿನ ಒಂದು ಸಂಖ್ಯೆಯಾಗಿ ಹೇಳಬಲ್ಲುದು. ಆ ಸಂಖ್ಯೆಯನ್ನು ತಂತಿಯ ಮೂಲಕ ಮಡಿಲಿನ ಕಂಪ್ಯೂಟರಿಗೋ, ಇಂಗ್ಲೆಂಡಿನಲ್ಲಿ ೨೦೧೨ರಲ್ಲಿ ಹೊರಬಂದ ರಾಸ್ಪ್‌ಬೆರ್ರಿ ಪೈ ಎಂಬ ಸಣ್ಣ ಕಂಪ್ಯೂಟರಿಗೋ ಕಳುಹಿಸಿದರೆ, ಅಲ್ಲಿ ಮುಳ್ಳಿನ ಚಿತ್ರವನ್ನಾದರೂ ಬರೆಯಬಹುದು, ಅಂಕಿಯನ್ನಾದರೂ ತೋರಿಸಬಹುದು. ರಾಸ್ಪ್‌ಬೆರ್ರಿ ಪೈಗೆ ವೋಲ್ಟನ್ನು ನೇರವಾಗಿ ಅಳೆಯುವ ಶಕ್ತಿಯಿಲ್ಲವಾದುದರಿಂದ ನಡುವೆ ಇಂತಹ ಅಳೆಯುವ ಸಾಧನವೊಂದು ಇದ್ದೇ ಇರಬೇಕು.

ಬ್ಯಾಟರಿಯ ವಿಷಯವನ್ನೇ ತೆಗೆದುಕೊಳ್ಳೋಣ. ಎಂಜಿನ್ನು ಓಡುತ್ತಿರುವಾಗ ಅದರ ವೋಲ್ಟು ೧೪ರ ಮೇಲಕ್ಕೂ ಹೋಗುವುದು; ಅಳೆಯುವ ಸಾಧನವಾದರೋ ೫ಕ್ಕಿಂತ ಹೆಚ್ಚನ್ನು ತಾಳಲಾರದು. ಆದುದರಿಂದ ೩೦,೦೦೦ ಮತ್ತು ೧೦,೦೦೦ ಓಮ್‌ಗಳ ಎರಡು ತಡೆಗಳನ್ನು ಒಂದರ ಹಿಂದೊಂದಾಗಿ ಕಟ್ಟಿ, ಚಿಕ್ಕ ತಡೆಯ ಮೇಲೆ ಬೀಳುವ ನಾಲ್ಕನೆಯ ಒಂದು ಪಾಲನ್ನು ಮಾತ್ರ ಅಳೆಯುವರು. ೧೪.೪ ವೋಲ್ಟು ಆಗ ೩.೬ ಆಗುವುದು, ಸಾಧನವು ೭೩೭ ಎಂದು ಹೇಳುವುದು. ನಾಲ್ಕರಿಂದ ಗುಣಿಸಿ ಹಿಂದಕ್ಕೆ ತರುವ ಕೆಲಸ ಕಂಪ್ಯೂಟರಿನದು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರುವುದು. ಎಂಜಿನ್ನು ಚೆನ್ನಾಗಿ ಓಡುತ್ತಿದ್ದರೂ ಅಂಕಿಯು ೧೨ರ ಹತ್ತಿರವೇ ಇದ್ದರೆ ಡೈನಮೋ ತನ್ನ ಕೆಲಸವನ್ನು ಮಾಡುತ್ತಿಲ್ಲವೆಂದರ್ಥ. ರಾತ್ರಿಯ ಪ್ರಯಾಣದಲ್ಲಿ ದೀಪಗಳು ಮಂಕಾಗುವುದಕ್ಕೆ ಬಹಳ ಮುಂಚೆಯೇ ಈ ಅಂಕಿಯು ಎಚ್ಚರಿಸುವುದು.

ಎಂಜಿನ್ನಿನ ಸುತ್ತುಗಳನ್ನು ಎಣಿಸುವುದು ಇನ್ನೂ ಸ್ವಾರಸ್ಯವಾಗಿದೆ. ನಾಲ್ಕು ಸಿಲಿಂಡರುಗಳ ಸಾಧಾರಣ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಕಿಡಿಯನ್ನು ಹಾರಿಸುವುದು. ಸೆಕೆಂಡಿಗೆ ೧೦೦ ಕಿಡಿಗಳನ್ನು ಎಣಿಸಿದರೆ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿರುವುದೆಂದು ಬೆರಳಿನ ಮೇಲೆಯೇ ಲೆಕ್ಕಹಾಕಬಹುದು. ವೇಗಕ್ಕೂ ಇಂತಹುದೇ ಉಪಾಯ. ಇಂಗ್ಲೆಂಡಿನ ಅನೇಕ ಹಳೆಯ ಮೀಟರುಗಳಲ್ಲಿ ಮೈಲಿಗೆ ತಂತಿ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಮುಖದ ಮೇಲೆಯೇ ಅಚ್ಚುಹಾಕಿರುವರು. ಅದು ೧,೦೦೦ ಆಗಿದ್ದರೆ, ಗಂಟೆಗೆ ೬೦ ಮೈಲಿಯ ವೇಗದಲ್ಲಿ ತಂತಿಯು ನಿಮಿಷಕ್ಕೆ ಸರಿಯಾಗಿ ೧,೦೦೦ ಸುತ್ತು ತಿರುಗುವುದು. ತಂತಿಗೆ ಪುಟ್ಟ ಅಯಸ್ಕಾಂತವನ್ನು ತಗುಲಿಸಿ, ಅದು ಹಾದುಹೋಗುವುದನ್ನು ಎಣಿಸುವ ಸೆನ್ಸರೊಂದನ್ನು ಪಕ್ಕದಲ್ಲಿಟ್ಟರೆ ಸಾಕು.

ನಡುವಿನ ಅಂಕಿ ನಡುವಿನದಲ್ಲ

ಇಲ್ಲಿಯ ವರೆಗೆ ಎಲ್ಲವೂ ಸುಗಮವಾಗಿ ತೋರುವುದು. ಕಷ್ಟವು ಬರುವುದು ಪೆಟ್ರೋಲಿನ ಲೆಕ್ಕದಲ್ಲಿ.

ಅಂಗಡಿಯಲ್ಲಿ ದೊರೆಯುವ ಅಮೆರಿಕದ ಮಾದರಿಯ ಒಂದು ಬುರುಡೆಯು ಟ್ಯಾಂಕು ಬರಿದಾದಾಗ ೨೪೦ ಓಮ್, ಅರ್ಧವಾದಾಗ ೧೦೩, ತುಂಬಿದಾಗ ೩೩ ಓಮ್ ತೋರುವುದು. ಇದಕ್ಕೆ ೧೦೦ ಓಮ್‌ನ ತಡೆಯೊಂದನ್ನು ಜೊತೆಗೂಡಿಸಿ ೫ ವೋಲ್ಟು ಕೊಟ್ಟರೆ, ಅಳೆಯುವ ಸಾಧನವು ಬರಿದಾದಾಗ ೭೨೨ ಎಂದೂ ತುಂಬಿದಾಗ ೨೫೪ ಎಂದೂ ಹೇಳುವುದು. ಇವೆರಡರ ನಡುವೆ ಗೆರೆಯೆಳೆದು ಸಮಪಾಲು ಮಾಡಿದವನು ತನ್ನ ಕೆಲಸ ಮುಗಿಯಿತೆಂದು ತಿಳಿಯುವನು. ಆದರೆ ಟ್ಯಾಂಕು ನಿಜವಾಗಿ ಅರ್ಧವಾದಾಗ ಬರುವ ಸಂಖ್ಯೆ ೫೧೯. ಆತನ ಸಮಪಾಲಿನ ಲೆಕ್ಕದಲ್ಲಿ ಅದು ನೂರಕ್ಕೆ ೪೩ ಮಾತ್ರ. ನಲವತ್ತು ಲೀಟರಿನ ಟ್ಯಾಂಕಿನಲ್ಲಿ ಎರಡೂವರೆ ಲೀಟರಿಗಿಂತಲೂ ಹೆಚ್ಚಿನ ತಪ್ಪು! ಇಲ್ಲಿ ಯಂತ್ರ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ಕಂಪ್ಯೂಟರು ತಪ್ಪಿಲ್ಲ. ಕೇಳಿದವನು ಸಾಕ್ಷಿಯ ಭಾಷೆಯನ್ನು ಸರಿಯಾಗಿ ತಿಳಿದುಕೊಳ್ಳಲಿಲ್ಲ, ಅಷ್ಟೆ.

ಅದರ ಮೇಲೆ ಟ್ಯಾಂಕಿನ ಆಕಾರವೂ ಸೇರುವುದು. ಸೀಟಿನ ಹಿಂದೆಯೋ ಡಿಕ್ಕಿಯ ಕೆಳಗೋ ಹುದುಗಿಸಿದ ಟ್ಯಾಂಕು ಡಬ್ಬಿಯಂತೆ ಚೌಕವಾಗಿರುವುದು ಅಪೂರ್ವ. ಬುರುಡೆಯು ಒಂದು ಅಂಗುಲ ಇಳಿದಾಗ ಮೇಲ್ಭಾಗದಲ್ಲಿ ಖರ್ಚಾಗುವ ಪೆಟ್ರೋಲಿಗೂ ಕೆಳಭಾಗದಲ್ಲಿ ಖರ್ಚಾಗುವುದಕ್ಕೂ ವ್ಯತ್ಯಾಸವುಂಟು. ಆದುದರಿಂದ ಒಂದೇ ದಾರಿ: ಟ್ಯಾಂಕು ಬರಿದಾಗಿರುವಾಗ ಪೆಟ್ರೋಲು ಬಂಕಿನಲ್ಲಿ ಐದೈದು ಲೀಟರಿನಂತೆ ಹಾಕಿಸುತ್ತ, ಪ್ರತಿಸಲವೂ ಬರುವ ಸಂಖ್ಯೆಯನ್ನು ಬರೆದುಕೊಂಡು, ಆ ಪಟ್ಟಿಯನ್ನೇ ಕಂಪ್ಯೂಟರಿಗೆ ಕೊಡಬೇಕು. ಸಂತೆಯಲ್ಲಿ ಸೇರನ್ನು ಪರೀಕ್ಷಿಸುವ ಗೃಹಿಣಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಲ್ಲ.

ನೀರಿನ ಬಿಸಿಯ ಸೆನ್ಸರಿಗೂ ಇಂತಹ ಪರೀಕ್ಷೆ ಅಗತ್ಯ. ಅದನ್ನು ಎಂಜಿನ್ನಿನಿಂದ ಬಿಚ್ಚಿ, ಅಡಿಗೆಗೆ ಬಳಸದ ಪಾತ್ರೆಯೊಂದರಲ್ಲಿ ನೀರಿಟ್ಟು, ಥರ್ಮಾಮೀಟರಿನೊಡನೆ ತೂಗುಹಾಕಿ ಕಾಯಿಸಬೇಕು. ಹತ್ತು ಹತ್ತು ಡಿಗ್ರಿಗೆ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಕುದಿಯುವ ನೀರನ್ನು ೧೦೦ ಡಿಗ್ರಿಯೆಂದು ಊಹಿಸಿ ಬರೆದುಬಿಡುವವರುಂಟು. ಮಂಗಳೂರಿನಲ್ಲಿ ಅದು ಸರಿ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುವುದು. ಮೂರು ಡಿಗ್ರಿಯ ಈ ತಪ್ಪು ಮೊದಲ ದಿನವೇ ಒಳಹೊಕ್ಕರೆ ಗಾಡಿಯಿರುವವರೆಗೂ ಜೊತೆಗಿರುವುದು.

ಒಂದು ದೃಷ್ಟಾಂತ

ಹಳೆಯ ಗಾಡಿಗಳನ್ನು ಹೀಗೆ ಕಂಪ್ಯೂಟರಿಗೆ ಜೋಡಿಸುವವರ ಕಷ್ಟಸುಖಗಳನ್ನು ತಿಳಿಯಲು ಇಂಗ್ಲೆಂಡಿನ ಎಂ.ಜಿ.ಬಿ. ಎಂಬ ಗಾಡಿಯು ಒಳ್ಳೆಯ ಉದಾಹರಣೆ. ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ೧೯೬೨ರಿಂದ ೧೯೮೦ರ ವರೆಗೆ ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾದ ಗಾಡಿಯಿದು. ನಮಗೂ ಅದಕ್ಕೂ ದೂರದ ನೆಂಟಸ್ತಿಕೆಯುಂಟು: ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ನಮ್ಮ ಅಂಬಾಸಡರಿನಲ್ಲಿ ಬಹುಕಾಲ ಬಳಸಿದ ೧,೪೮೯ ಸಿ.ಸಿ. ಎಂಜಿನ್ನೂ ಎಂ.ಜಿ.ಬಿ.ಯ ೧,೭೯೮ ಸಿ.ಸಿ. ಎಂಜಿನ್ನೂ ಒಂದೇ ಕುಲದವು.

ಈ ಗಾಡಿಯ ಮೊದಲಿನ ಮಾದರಿಗಳಲ್ಲಿ ಎಣ್ಣೆಯ ಒತ್ತಡವೂ ನೀರಿನ ಬಿಸಿಯೂ ಒಂದೇ ಮೀಟರಿನಲ್ಲಿ ಕಾಣುವುವು; ಎರಡೂ ಕೊಳವೆಯ ಮೂಲಕ ಕೆಲಸಮಾಡತಕ್ಕವು. ವಿದ್ಯುತ್ತಿನ ಸಂಪರ್ಕವೇ ಇಲ್ಲ. ಆದುದರಿಂದ ಕಂಪ್ಯೂಟರಿಗೆ ಅಲ್ಲಿ ಕೇಳುವುದಕ್ಕೆ ಏನೂ ದೊರೆಯದು. ಎಣ್ಣೆಯ ಕೊಳವೆಗೆ ಕವಲೊಂದನ್ನು ಕೊಟ್ಟು, ಅಲ್ಲಿ ವಿದ್ಯುತ್ತಿನ ಒತ್ತಡ-ಸೆನ್ಸರನ್ನು ಬೇರೆಯಾಗಿ ಕೂರಿಸಬೇಕು. ಸಾಮಾನ್ಯವಾಗಿ ದೊರೆಯುವ ಇಂತಹ ಒಂದು ಸೆನ್ಸರು ಒತ್ತಡವಿಲ್ಲದಾಗ ಅರ್ಧ ವೋಲ್ಟನ್ನೂ, ಚದರಂಗುಲಕ್ಕೆ ೧೦೦ ಪೌಂಡು ಇರುವಾಗ ನಾಲ್ಕೂವರೆ ವೋಲ್ಟನ್ನೂ ಕೊಡುವುದು. ಎರಡೂವರೆ ವೋಲ್ಟು ಬಂದರೆ ೫೦ ಪೌಂಡು. ಸೊನ್ನೆಗೆ ಬದಲಾಗಿ ಅರ್ಧ ವೋಲ್ಟಿನಿಂದ ಆರಂಭಿಸಿರುವುದರಲ್ಲಿ ಜಾಣತನವುಂಟು: ತಂತಿ ಕಡಿದರೆ ಸಂಖ್ಯೆಯು ಪೂರ್ತಿ ಸೊನ್ನೆಗೆ ಇಳಿಯುವುದು, ಎಣ್ಣೆಯ ಒತ್ತಡವಿಲ್ಲದಿರುವುದಕ್ಕೂ ತಂತಿಯೇ ಇಲ್ಲದಿರುವುದಕ್ಕೂ ಭೇದವು ಕೂಡಲೆ ತಿಳಿಯುವುದು.

ಅದೇ ಗಾಡಿಯ ಮುಂದಿನ ಮಾದರಿಗಳ ಪೆಟ್ರೋಲು ಮೀಟರಿನಲ್ಲಿ ಬೇರೊಂದು ಬಲೆಯುಂಟು. ಅದರ ಮುಳ್ಳನ್ನು ತಿರುಗಿಸುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ವಿದ್ಯುತ್ತಿನಿಂದ ಬಿಸಿಯಾಗಿ ಅದು ಬಾಗುವುದು. ಅದಕ್ಕೆ ಸಮನಾದ ೧೦ ವೋಲ್ಟು ದೊರೆಯಲೆಂದು ನಡುವೆ ಸ್ಟೆಬಿಲೈಸರೊಂದನ್ನು ಇಟ್ಟಿರುವರು. ಆದರೆ ಆ ಸ್ಟೆಬಿಲೈಸರು ನಿಜವಾಗಿ ಎಂದಿಗೂ ೧೦ ವೋಲ್ಟು ಕೊಡುವುದಿಲ್ಲ! ಅದು ಬ್ಯಾಟರಿಯ ಪೂರ್ಣ ವೋಲ್ಟನ್ನು ಕ್ಷಣಕಾಲ ಬಿಟ್ಟು, ಕ್ಷಣಕಾಲ ತಡೆದು, ಸರಾಸರಿಯು ಹತ್ತಾಗುವಂತೆ ನೋಡಿಕೊಳ್ಳುವುದು. ಮುಳ್ಳು ಮಂದಗತಿಯುಳ್ಳದ್ದಾದುದರಿಂದ ಅದಕ್ಕೆ ಈ ಆಟ ತಿಳಿಯದು. ಕಂಪ್ಯೂಟರಾದರೋ ಅತ್ಯಂತ ಚುರುಕು. ಅಳೆದ ಕ್ಷಣದಲ್ಲಿ ವಿದ್ಯುತ್ತು ಇದ್ದರೆ ಒಂದು ಸಂಖ್ಯೆ, ಇಲ್ಲದಿದ್ದರೆ ಇನ್ನೊಂದು. ಪರದೆಯ ಮೇಲೆ ಪೆಟ್ರೋಲು ತುಂಬುತ್ತಲೂ ಬರಿದಾಗುತ್ತಲೂ ಇರುವಂತೆ ಕಾಣುವುದು. ಅದಕ್ಕೆ ಪರಿಹಾರವೆಂದರೆ ಆ ಹಳೆಯ ಸ್ಟೆಬಿಲೈಸರನ್ನು ತೆಗೆದು ನಿಜವಾಗಿಯೂ ಸಮವಾದ ವೋಲ್ಟನ್ನು ಕೊಡುವ ಈ ಕಾಲದ ಸಾಧನವನ್ನು ಅಲ್ಲಿಡುವುದು.

ಇನ್ನೊಂದು ಮಾತು. ೧೯೬೭ರ ವರೆಗಿನ ಎಂ.ಜಿ.ಬಿ. ಗಾಡಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಗಾಡಿಯ ಮೈಗೆ ಜೋಡಿಸಿದ್ದರು. ಈ ಕಾಲದ ಸಾಧನಗಳೆಲ್ಲ ಋಣಧ್ರುವವೇ ಮೈಗೆ ಸೇರಿರುವುದೆಂಬ ಭಾವನೆಯಿಂದ ತಯಾರಾದುವು. ಇದನ್ನು ನೋಡದೆ ತಂತಿಗಳನ್ನು ಜೋಡಿಸಿದರೆ ಕಂಪ್ಯೂಟರು ಹಾಳಾಗುವುದು ಮಾತ್ರವಲ್ಲ, ತಂತಿಗಳು ಕಾದು ಬೆಂಕಿಯೂ ಏಳಬಹುದು.

ಸುಳ್ಳುಹೇಳುವ ತಂಪು

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುವೆವು. ಸೆನ್ಸರುಗಳನ್ನೆಲ್ಲ ಪರೀಕ್ಷಿಸಿ, ಪಟ್ಟಿಗಳನ್ನೆಲ್ಲ ಬರೆದು, ಪರದೆಯ ಮೇಲೆ ಸ್ಫುಟವಾದ ಅಂಕಿಗಳನ್ನು ತಂದುಕೊಂಡ ಗೃಹಸ್ಥನು ಒಂದು ದಿನ ಘಾಟಿಯನ್ನು ಹತ್ತುತ್ತಿರುವನೆಂದು ಭಾವಿಸೋಣ. ರೇಡಿಯೇಟರಿನ ಹಳೆಯ ರಬ್ಬರು ಕೊಳವೆಯೊಂದು ಬಿರಿದು ನೀರೆಲ್ಲ ಸೋರಿಹೋಗುವುದು. ಪರದೆಯ ಮೇಲೆ ಏನು ಕಾಣಬೇಕು? ಬಿಸಿಯು ಏರುತ್ತ ಹೋಗಬೇಕೆಂದು ವಾಚಕರು ಹೇಳಬಹುದು. ಆದರೆ ಹಾಗಾಗದೆಯೂ ಇರಬಹುದು. ಆ ಸೆನ್ಸರು ಅಳೆಯುವುದು ತನ್ನನ್ನು ಮುಳುಗಿಸಿರುವ ನೀರಿನ ಬಿಸಿಯನ್ನು. ನೀರೇ ಇಲ್ಲದಾಗ ಅದು ಬರಿಯ ಗಾಳಿಯಲ್ಲಿಯೂ ಹಬೆಯಲ್ಲಿಯೂ ನಿಂತಿರುವುದು. ಅಂಕಿಯು ಏರದೆ ನಿಲ್ಲಬಹುದು, ಇಳಿಯಲೂಬಹುದು. ಎಂಜಿನ್ನಿನ ಲೋಹವು ಒಳಗೆ ಉರಿಯುತ್ತಿರುವಾಗ ಪರದೆಯು ತಂಪಾದ ಅಂಕಿಯನ್ನು ತೋರಿಸಿ ಚಾಲಕನನ್ನು ಸಮಾಧಾನಪಡಿಸುವುದು. ಸೆನ್ಸರು ಸುಳ್ಳು ಹೇಳುತ್ತಿಲ್ಲ. ತನ್ನನ್ನು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರಕೊಡುತ್ತಿದೆ. ಪ್ರಶ್ನೆಯೇ ಬದಲಾಯಿಸಿಹೋಗಿದೆ.

ಆದುದರಿಂದ ತಿಳಿದವರು ಒಂದು ಸಾಕ್ಷಿಯನ್ನು ನೆಚ್ಚುವುದಿಲ್ಲ. ನೀರಿನಲ್ಲಿ ಒಂದು ಸೆನ್ಸರನ್ನೂ, ಎಂಜಿನ್ನಿನ ತಲೆಭಾಗದ ಲೋಹಕ್ಕೆ ಬಿಗಿದು ಇನ್ನೊಂದನ್ನೂ ಇಡುವರು. ಎರಡೂ ಜೊತೆಜೊತೆಯಾಗಿ ಏರಿಳಿಯುತ್ತಿರುವವರೆಗೆ ಚಿಂತೆಯಿಲ್ಲ. ಲೋಹದ ಅಂಕಿಯು ಏರಿ ನೀರಿನ ಅಂಕಿಯು ಹಿಂದೆ ಉಳಿದರೆ, ಆ ಭಿನ್ನಾಭಿಪ್ರಾಯವೇ ಅಪಾಯದ ಸೂಚನೆ. ಎರಡು ಮುಳ್ಳುಗಳನ್ನು ಹೋಲಿಸಿ ನೋಡುತ್ತ ಕೂರುವುದು ಚಾಲಕನಿಗೆ ಸಾಧ್ಯವಿಲ್ಲ. ಕಂಪ್ಯೂಟರಿಗೆ ಅದು ಅತಿ ಸುಲಭವಾದ ಕೆಲಸ. ಅಂತರವು ಇಷ್ಟಕ್ಕೆ ಮೀರಿದೊಡನೆ ಗಂಟೆ ಬಾರಿಸೆಂದು ಅದಕ್ಕೆ ಹೇಳಿಡಬಹುದು.

ಎಣ್ಣೆಯ ವಿಷಯದಲ್ಲಿಯೂ ಹೀಗೆಯೇ. ನಿಮಿಷಕ್ಕೆ ಪ್ರತಿ ೧,೦೦೦ ಸುತ್ತಿಗೆ ಚದರಂಗುಲಕ್ಕೆ ೧೦ ಪೌಂಡಿನಷ್ಟಾದರೂ ಒತ್ತಡವಿರಬೇಕೆಂಬುದು ಹಳೆಯ ಮೆಕ್ಯಾನಿಕ್ಕುಗಳ ಸ್ಥೂಲವಾದ ಲೆಕ್ಕ. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ೧೫ ಪೌಂಡು ಸಹಜ. ೩,೦೦೦ ಸುತ್ತು ತಿರುಗುತ್ತಿರುವಾಗ ಅದೇ ೧೫ ಪೌಂಡು ಅನಾಹುತದ ಮುನ್ಸೂಚನೆ. ಬರಿಯ ಮುಳ್ಳಿಗೆ ಈ ವಿವೇಚನೆಯಿಲ್ಲ. ಎರಡು ಅಂಕಿಗಳನ್ನೂ ಬಲ್ಲ ಕಂಪ್ಯೂಟರಿಗೆ ಅದನ್ನು ಕಲಿಸಬಹುದು.

ನೆನಪಿನ ಲಾಭ

ಮುಳ್ಳು ಈ ಕ್ಷಣವನ್ನು ಮಾತ್ರ ಬಲ್ಲುದು. ನಿನ್ನೆಯದು ಅದಕ್ಕೆ ತಿಳಿಯದು. ಕಂಪ್ಯೂಟರು ಸೆಕೆಂಡಿಗೊಮ್ಮೆ ಅಂಕಿಗಳನ್ನು ಬರೆದಿಟ್ಟುಕೊಳ್ಳಬಲ್ಲುದು. ಮನೆಯ ಜಮಾಖರ್ಚಿನ ಪುಸ್ತಕದಂತೆ ಇದರ ಗುಣವು ದಿನದಿನಕ್ಕೆ ಕಾಣಿಸದಿದ್ದರೂ ವರ್ಷದ ಕೊನೆಯಲ್ಲಿ ಕಾಣುವುದು. ಹೋದ ಬೇಸಗೆಯಲ್ಲಿ ಶಿರಾಡಿ ಘಾಟಿಯನ್ನು ಹತ್ತುವಾಗ ನೀರು ೯೨ ಡಿಗ್ರಿಗೆ ನಿಂತಿತ್ತು, ಈ ಬೇಸಗೆಯಲ್ಲಿ ಅಷ್ಟೇ ಜನ, ಅಷ್ಟೇ ಹೊರೆ, ಅಷ್ಟೇ ವೇಗವಿದ್ದರೂ ೯೮ಕ್ಕೆ ಏರಿತು ಎಂದಿಟ್ಟುಕೊಳ್ಳೋಣ. ಎರಡು ಸಲವೂ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿರಲಿಲ್ಲ. ಚಾಲಕನಿಗೆ ಏನೂ ಅನ್ನಿಸಿರಲಿಲ್ಲ. ಆದರೆ ಬರೆದಿಟ್ಟ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟವನಿಗೆ ರೇಡಿಯೇಟರಿನಲ್ಲಿ ಕಿಲುಬು ಕಟ್ಟುತ್ತಿರುವುದು ಮನೆಯಲ್ಲಿಯೇ ತಿಳಿಯುವುದು. ಅದನ್ನು ಶುಚಿಮಾಡಿಸುವ ಖರ್ಚು ಅಲ್ಪ. ಮಾಡಿಸದೆ ಬಿಟ್ಟರೆ ಬರುವ ಖರ್ಚನ್ನು ಮೊದಲೇ ಹೇಳಿರುವೆವು.

ಕೈಹಾಕುವವರಿಗೆ ಕೆಲವು ಮಾತು

ಈ ಕೆಲಸಕ್ಕೆ ಕೈಹಾಕುವವರು ಕೆಲವು ವಿಷಯಗಳನ್ನು ಮರೆಯಬಾರದು. ಕಿಡಿಯೆಬ್ಬಿಸುವ ಕಾಯಿಲಿನ ಹನ್ನೆರಡು ವೋಲ್ಟಿನ ಪಕ್ಕದಲ್ಲಿಯೂ, ಸಂಪರ್ಕ ಕಡಿಯುವ ಕ್ಷಣದಲ್ಲಿ ನೂರಾರು ವೋಲ್ಟು ಏಳುವುದು. ಅದನ್ನು ನೇರವಾಗಿ ಜೋಡಿಸಿದರೆ ಅಳೆಯುವ ಸಾಧನವು ಆ ಕ್ಷಣದಲ್ಲಿಯೇ ಭಸ್ಮ. ವಿದ್ಯುತ್ತನ್ನು ಬೆಳಕನ್ನಾಗಿ ಮಾಡಿ, ಬೆಳಕನ್ನು ಮತ್ತೆ ವಿದ್ಯುತ್ತನ್ನಾಗಿ ಮಾಡುವ ಆಪ್ಟೋಕಪ್ಲರೆಂಬ ಸಣ್ಣ ಸಾಧನವನ್ನು ನಡುವೆ ಇಡಬೇಕು. ಬ್ಯಾಟರಿಯಿಂದ ತೆಗೆದ ಪ್ರತಿಯೊಂದು ತಂತಿಗೂ, ಅದು ಹೊರಡುವ ಸ್ಥಳದಲ್ಲಿಯೇ ಫ್ಯೂಸಿರಬೇಕು. ಪೆಟ್ರೋಲು ಟ್ಯಾಂಕಿನ ಬುರುಡೆಗೆ ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ಎಂದಿಗೂ ಹರಿಸಕೂಡದು. ರಾಸ್ಪ್‌ಬೆರ್ರಿ ಪೈಯಂತಹ ಕಂಪ್ಯೂಟರಿಗೆ ಬೀಗದಕೈ ತಿರುಗಿಸಿದೊಡನೆ ವಿದ್ಯುತ್ತು ನಿಂತುಹೋದರೆ, ಬರೆಯುತ್ತಿದ್ದ ಮೆಮರಿ ಕಾರ್ಡು ಕೆಡುವ ಸಂಭವವುಂಟು; ಮೊದಲು ಅದು ತನ್ನ ಕೆಲಸವನ್ನು ಮುಗಿ‌ಸಿಕೊಳ್ಳುವಂತೆ ಸ್ವಲ್ಪ ಅವಕಾಶ ಕೊಡುವ ಏರ್ಪಾಡು ಬೇಕು.

ಹಳೆಯ ಮೀಟರುಗಳನ್ನು ಕಿತ್ತುಹಾಕಬೇಡಿರಿ. ಹೊಸ ಸಾಕ್ಷಿ ಬಂದನೆಂದು ಹಳೆಯ ಸಾಕ್ಷಿಯನ್ನು ಓಡಿಸುವುದು ವಿವೇಕವಲ್ಲ. ಕಂಪ್ಯೂಟರು ಕೆಟ್ಟ ದಿನ ಆ ಮುಳ್ಳುಗಳೇ ದಿಕ್ಕು. ಕಡೆಯದಾಗಿ, ಚಾಲಕನ ಕಣ್ಣು ಇರಬೇಕಾದುದು ರಸ್ತೆಯ ಮೇಲೆ. ಪರದೆಯಲ್ಲಿ ಹತ್ತು ಅಂಕಿಗಳು ಓಡಾಡುತ್ತಿದ್ದರೆ ಮನಸ್ಸು ಅತ್ತ ಹರಿಯದೆ ಇರದು. ಗಾಡಿ ಓಡುತ್ತಿರುವಾಗ ಪರದೆಯು ಸುಮ್ಮನಿದ್ದು, ಅಪಾಯ ಬಂದಾಗ ಮಾತ್ರ ಶಬ್ದಮಾಡುವಂತೆ ಇಡುವುದೇ ಮೇಲು. ಅಂಕಿಗಳನ್ನು ಓದುವ ಕೆಲಸವು ಮನೆಗೆ ಬಂದಮೇಲೆ, ಕಾಫಿ ಕುಡಿಯುತ್ತ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡತಕ್ಕದ್ದು. ಶಾಲೆಯಲ್ಲಿ ಓದಿದ ಓಮನ ನಿಯಮವೂ, ಬೆಟ್ಟದ ಮೇಲೆ ನೀರು ಬೇಗ ಕುದಿಯುವ ಕಾರಣವೂ ಅವರಿಗೆ ಆಗ ಪುಸ್ತಕದ ಮಾತಾಗಿ ಉಳಿಯವು.

ಯಂತ್ರವು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು. ಅದು ಹೇಳುವ ಸನ್ನೆಯನ್ನು ಪರೀಕ್ಷಿಸಿ, ಒಂದನ್ನು ಇನ್ನೊಂದರೊಡನೆ ತೂಗಿ ನೋಡಿ ತಿಳಿಯಬಲ್ಲವನಿಗೆ ಹಳೆಯ ಗಾಡಿಯು ಇನ್ನೂ ಬಹುವರ್ಷ ವಿಶ್ವಾಸದಿಂದ ಸೇವೆಮಾಡುವುದು.